ಗಾಲ್ಫ್‌ನಲ್ಲಿ ನಮ್ಮ ಆಟದ ವೇಗವನ್ನು ನಾವೇ ಅಳೆದುಕೊಳ್ಳುವುದು ಹೇಗೆ?

ಪ್ರಶ್ನೆ: ಫರ್ನ್‌ಹಿಲ್ ನಿವಾಸಿ, ಉದಕಮಂಡಲ

ಎಲ್ಲರಿಗೂ ನಮಸ್ಕಾರ. ವೆನ್‌ಲಾಕ್ ಡೌನ್ಸ್‌ನ ಹುಲ್ಲುಗುಡ್ಡಗಳ ನಡುವೆ ಇರುವ ಉದಕಮಂಡಲದ ಗಾಲ್ಫ್ ಮೈದಾನದಲ್ಲಿ ನಾನೂ ನನ್ನ ಮೂವರು ಗೆಳೆಯರೂ ರಜೆಯ ದಿನಗಳಲ್ಲಿ ಆಡುತ್ತೇವೆ. ನಾಲ್ವರದೂ ಮನೆಮಾತು ಕನ್ನಡ. ಇಬ್ಬರು ಗೂಡಲೂರಿನ ಕಡೆಯಿಂದ ಬಂದು ಇಲ್ಲಿ ನೆಲೆಸಿದವರು. ನಮ್ಮೊಳಗೆ ಬಹಳ ದಿನಗಳಿಂದ ನಡೆಯುತ್ತಿರುವ ಒಂದು ಚರ್ಚೆಯನ್ನು ಅನುಭವಸ್ಥರ ಮುಂದಿಡಬೇಕೆನಿಸಿ ಬರೆಯುತ್ತಿದ್ದೇನೆ.

ಹದಿನೆಂಟು ಹೋಲ್‌ಗಳ, ಅಂದರೆ ಕೊನೆಯಲ್ಲಿ ಚೆಂಡನ್ನು ರಂಧ್ರಕ್ಕೆ ಸೇರಿಸಬೇಕಾದ ಹದಿನೆಂಟು ಪಟ್ಟಿಗಳ, ಸುತ್ತನ್ನು ನಾಲ್ವರ ತಂಡ ನಾಲ್ಕರಿಂದ ನಾಲ್ಕೂವರೆ ಗಂಟೆಯೊಳಗೆ ಮುಗಿಸಬೇಕು ಎಂಬುದನ್ನು ನಾವೆಲ್ಲರೂ ಒಪ್ಪುತ್ತೇವೆ. ನಮ್ಮ ಸುತ್ತು ಹಲವು ಸಲ ಅದನ್ನು ಮೀರುತ್ತದೆ. ಕಾರಣವೇನೆಂದು ಮಾತು ಬಂದಾಗ ಮಾತ್ರ ನಾಲ್ವರಲ್ಲಿ ಪ್ರತಿಯೊಬ್ಬರೂ ತಾವು ಚುರುಕಾಗಿಯೇ ಆಡುತ್ತೇವೆ, ಉಳಿದವರಲ್ಲಿ ಯಾರೋ ಒಬ್ಬರು ನಿಧಾನ ಎನ್ನುತ್ತಾರೆ. ಇದು ಹಟದ ಮಾತಲ್ಲ, ಸುಳ್ಳೂ ಅಲ್ಲ. ಪ್ರತಿಯೊಬ್ಬರಿಗೂ ತಮ್ಮ ಆಟ ಹಾಗೆಯೇ ಕಾಣುತ್ತದೆ ಎಂಬುದನ್ನು ನಾನು ಬಲ್ಲೆ. ನಾಲ್ಕು ಜನ ಚುರುಕು ಆಟಗಾರರು ಸೇರಿದರೆ ಒಂದು ನಿಧಾನದ ತಂಡ ಹೇಗಾಗುತ್ತದೆ ಎಂಬುದೇ ನನಗೆ ಬಗೆಹರಿಯದ ಪ್ರಶ್ನೆ.

ಇನ್ನೊಂದು ಮಾತನ್ನೂ ಸೇರಿಸಬೇಕು. ನಮ್ಮ ಮೈದಾನ ಸಮುದ್ರಮಟ್ಟದಿಂದ 2,200 ಮೀಟರ್‌ಗೂ ಹೆಚ್ಚು ಎತ್ತರದಲ್ಲಿದೆ. ಏರುತಗ್ಗು ಬಹಳ, ಹುಲ್ಲು ಕತ್ತರಿಸಿ ಹದಮಾಡಿದ ಫೇರ್‌ವೇಗಳ ಅಂಚಿನಲ್ಲಿ ಮುಳ್ಳಿನ ಗೋರ್ಸ್ ಪೊದೆಗಳಿವೆ, ಮಂಜು ಇಳಿದರೆ ಚೆಂಡು ಬಿದ್ದ ಜಾಗವೇ ಕಾಣುವುದಿಲ್ಲ. ಇಂಥ ಕಡೆ ಬಯಲುಸೀಮೆಯ ಮೈದಾನದ ಲೆಕ್ಕವನ್ನೇ ಹಿಡಿಯುವುದು ನ್ಯಾಯವೇ? ಒಬ್ಬ ಆಟಗಾರ ತನ್ನ ವೇಗವನ್ನು ಬೇರೆಯವರ ದೂರಿಗೆ ಕಾಯದೆ ತಾನೇ ಅಳೆದುಕೊಳ್ಳಲು ನಂಬಬಹುದಾದ ದಾರಿ ಯಾವುದು?

ಉತ್ತರ: ಹೊಸೂರಿನ ಹವ್ಯಾಸಿ

ನಿಮ್ಮ ಗೆಳೆಯರು ಸುಳ್ಳು ಹೇಳುತ್ತಿಲ್ಲ ಎಂಬ ನಿಮ್ಮ ಮಾತಿನಿಂದಲೇ ಆರಂಭಿಸುತ್ತೇನೆ, ಏಕೆಂದರೆ ಉತ್ತರ ಅಲ್ಲಿಯೇ ಇದೆ. ಆಟಗಾರನ ಮನಸ್ಸಿನಲ್ಲಿ ಓಡುವ ಗಡಿಯಾರವೂ ನಿಯಮಾವಳಿಯ ಗಡಿಯಾರವೂ ಬೇರೆ ಬೇರೆ ಕ್ಷಣಗಳಲ್ಲಿ ಆರಂಭವಾಗುತ್ತವೆ. ಆಟಗಾರನಿಗೆ ತನ್ನ ಹೊಡೆತವೆಂದರೆ ಚೆಂಡಿನ ಪಕ್ಕದಲ್ಲಿ ಕಾಲೂರಿ ನಿಂತಲ್ಲಿಂದ ಕ್ಲಬ್ (ಹೊಡೆಯುವ ಕೋಲು) ಬೀಸುವವರೆಗಿನ ಹತ್ತು ಹದಿನೈದು ಸೆಕೆಂಡು ಮಾತ್ರ. ಗಾಲ್ಫ್‌ನ ನಿಯಮಗಳನ್ನು ರೂಪಿಸುವ ಆರ್ ಅಂಡ್ ಎ ಮತ್ತು ಯುಎಸ್‌ಜಿಎ ಸಂಸ್ಥೆಗಳು 2019ರಲ್ಲಿ ಜಾರಿಗೆ ತಂದ ಪರಿಷ್ಕೃತ ನಿಯಮಗಳಲ್ಲಿ 5.6ಬಿ ಎಂಬುದೊಂದಿದೆ. ಅಡಚಣೆಯಿಲ್ಲದೆ ಆಡಲು ಸಾಧ್ಯವಾದ, ಅಥವಾ ಸಾಧ್ಯವಾಗಬೇಕಿದ್ದ, ಕ್ಷಣದಿಂದ 40 ಸೆಕೆಂಡಿನೊಳಗೆ ಹೊಡೆತ ಮುಗಿಯಬೇಕೆಂದೂ ಸಾಮಾನ್ಯವಾಗಿ ಅದಕ್ಕಿಂತ ಬೇಗನೆ ಆಡಬೇಕೆಂದೂ ಅದು ಶಿಫಾರಸು ಮಾಡುತ್ತದೆ. ‘ಸಾಧ್ಯವಾಗಬೇಕಿದ್ದ’ ಎಂಬ ಆ ಭಾಗವನ್ನು ದಯವಿಟ್ಟು ಮತ್ತೊಮ್ಮೆ ಓದಿ. ನೀವು ಸಿದ್ಧರಾಗಿರದಿದ್ದರೂ ಗಡಿಯಾರ ಓಡುತ್ತಿರುತ್ತದೆ.

ಮುಂದಿನ ಸುತ್ತಿನಲ್ಲಿ ನಿಮ್ಮ ತಂಡದ ಯಾರನ್ನಾದರೂ ಗಮನಿಸಿ ನೋಡಿ. ಚೆಂಡು ಫೇರ್‌ವೇಯಲ್ಲಿದೆ, ರಂಧ್ರವಿರುವ ನುಣುಪು ಹುಲ್ಲಿನ ಗ್ರೀನ್ 140 ಮೀಟರ್ ದೂರದಲ್ಲಿದೆ. ಆಟಗಾರ ಪಕ್ಕದವನ ಹೊಡೆತವನ್ನು ನೋಡುತ್ತ ನಿಂತಿರುತ್ತಾನೆ. ಆ ಚೆಂಡು ಮರಳಿನ ಗುಂಡಿಯಾದ ಬಂಕರಿಗೆ ಬಿದ್ದರೆ ಅಯ್ಯೋ ಎಂದು ಮರುಗಿ, ಆಮೇಲೆ ತನ್ನ ಚೆಂಡಿನತ್ತ ನಡೆಯುತ್ತಾನೆ. ಚೀಲದ ಜೇಬಿನಿಂದ ದೂರಮಾಪಕವನ್ನು ತೆಗೆದು ಕಣ್ಣಿಗೆ ಹಿಡಿಯುತ್ತಾನೆ. ಗಾಳಿ ಹೇಗಿದೆಯೆಂದು ಚೀಲ ಹೊರುವ ಕ್ಯಾಡಿಯನ್ನು ಕೇಳುತ್ತಾನೆ. ಏಳನೆಯ ಐರನ್ ಎಂಬ ಕ್ಲಬ್ ಹೊರತೆಗೆದು, ಯೋಚಿಸಿ, ಅದನ್ನು ಒಳಗಿಟ್ಟು ಆರನೆಯದನ್ನು ತೆಗೆಯುತ್ತಾನೆ. ಪ್ಯಾಂಟಿನ ಹಿಂಜೇಬಿನಲ್ಲಿ ಸಿಕ್ಕಿಸಿದ್ದ ಕೈಗವಸನ್ನು ಎಳೆದು ಒಂದೊಂದೇ ಬೆರಳಿಗೆ ಸರಿಪಡಿಸಿ ತೊಡುತ್ತಾನೆ. ಎರಡು ಸಲ ಗಾಳಿಯಲ್ಲಿ ಬೀಸಿ, ಚೆಂಡಿನ ಹಿಂದೆ ನಿಂತು ಗುರಿ ನೋಡಿ, ಕೊನೆಗೆ ಪಕ್ಕಕ್ಕೆ ಬಂದು ನಿಲ್ಲುತ್ತಾನೆ. ಅವನ ಲೆಕ್ಕದಲ್ಲಿ ಹೊಡೆತ ಈಗ ಆರಂಭವಾಯಿತು. ನಿಯಮದ ಲೆಕ್ಕದಲ್ಲಿ ಕೊಟ್ಟ ಕಾಲ ಆಗಲೇ ಮುಗಿದಿದೆ. ದೂರ ನೋಡುವುದು, ಕ್ಲಬ್ ಆರಿಸುವುದು, ಕೈಗವಸು ತೊಡುವುದು, ಇವೆಲ್ಲವನ್ನೂ ಪಕ್ಕದವನು ಆಡುವ ಹೊತ್ತಿನಲ್ಲೇ, ಅವನಿಗೆ ತೊಂದರೆಯಾಗದಂತೆ, ಮಾಡಿಕೊಳ್ಳಬಹುದಿತ್ತು.

ಇದರ ಪರಿಣಾಮವೇನೆಂದು ಲೆಕ್ಕ ಹಾಕಿ. ಒಬ್ಬೊಬ್ಬರು 90 ಹೊಡೆತಗಳಲ್ಲಿ ಸುತ್ತು ಮುಗಿಸಿದರೂ ನಾಲ್ವರದು ಸೇರಿ 360 ಹೊಡೆತಗಳಾಗುತ್ತವೆ. ಪ್ರತಿ ಹೊಡೆತಕ್ಕೆ ಹತ್ತೇ ಸೆಕೆಂಡು ಹೆಚ್ಚಾದರೆ ಒಟ್ಟು 3,600 ಸೆಕೆಂಡು, ಅಂದರೆ ಪೂರ್ತಿ ಒಂದು ಗಂಟೆ. ಹತ್ತು ಸೆಕೆಂಡಿನ ವಿಳಂಬ ಮಾಡಿದವನಿಗೆ ಎಂದಿಗೂ ಗೊತ್ತಾಗುವುದಿಲ್ಲ. ಆದ್ದರಿಂದಲೇ ನಾಲ್ಕು ಜನ ಚುರುಕು ಆಟಗಾರರು ಸೇರಿ ಐದು ಗಂಟೆಯ ಸುತ್ತನ್ನು ಆಡಬಲ್ಲರು, ಮತ್ತು ಅವರಲ್ಲಿ ನಿಧಾನದವನು ಯಾರೆಂದು ಹುಡುಕಿದರೆ ಯಾರೂ ಸಿಗುವುದಿಲ್ಲ.

ಅಳೆಯುವ ವಿಧಾನ ಕೇಳಿದ್ದೀರಿ. ನಿಮ್ಮ ತಂಡದ ಒಬ್ಬರ ಕೈಗೆ ಗಡಿಯಾರ ಕೊಡಿ. ಯಾವ ಹೋಲ್‌ಗಳಲ್ಲಿ ಅಳೆಯುತ್ತಾರೆಂದು ಮೊದಲೇ ಹೇಳದಿರಲಿ. ಹಿಂದಿನ ಆಟಗಾರನ ಚೆಂಡು ನಿಂತ ಕ್ಷಣದಿಂದ ನಿಮ್ಮ ಕ್ಲಬ್ ಚೆಂಡಿಗೆ ತಗಲುವ ಕ್ಷಣದವರೆಗೆ ಅಳೆಯಲಿ. ಬಂದ ಅಂಕಿಯನ್ನು ನೋಡುವ ಮೊದಲು ನಿಮ್ಮ ಅಂದಾಜನ್ನು ಬರೆದಿಟ್ಟುಕೊಳ್ಳಿ. ಅಂದಾಜಿಗೂ ಅಂಕಿಗೂ ನಡುವಿನ ಅಂತರವೇ ನೀವು ಕೇಳಿದ ಪ್ರಶ್ನೆಗೆ ಉತ್ತರ.

ದೊಡ್ಡ ಪಂದ್ಯಾವಳಿಗಳಲ್ಲೂ ಇದೇ ಕಥೆ. ಅಮೆರಿಕದಲ್ಲಿ ನಡೆದ 2013ರ ಮಾಸ್ಟರ್ಸ್ ಪಂದ್ಯಾವಳಿಯಲ್ಲಿ ಹದಿನಾಲ್ಕು ವರ್ಷದ ಚೀನೀ ಹುಡುಗ ಗುವಾನ್ ತಿಯಾನ್‌ಲಾಂಗ್‌ಗೆ ಎರಡನೆಯ ಸುತ್ತಿನ ಹದಿನೇಳನೆಯ ಹೋಲ್‌ನಲ್ಲಿ ನಿಧಾನದ ಆಟಕ್ಕಾಗಿ ಒಂದು ಹೊಡೆತದ ದಂಡ ಬಿತ್ತು. ಆದರೂ ಅವನು ಕೊನೆಯ ಎರಡು ಸುತ್ತುಗಳಿಗೆ ಅರ್ಹತೆ ಕೊಡುವ ಕಟ್ ದಾಟಿದ. 2018ರಲ್ಲಿ ಆಸ್ಟ್ರಿಯಾದಲ್ಲಿ ಶಾಟ್ ಕ್ಲಾಕ್ ಮಾಸ್ಟರ್ಸ್ ಎಂಬ ಪಂದ್ಯಾವಳಿಯನ್ನೇ ನಡೆಸಿದರು. ತಂಡದಲ್ಲಿ ಮೊದಲು ಆಡುವವನಿಗೆ 50 ಸೆಕೆಂಡು, ಉಳಿದವರಿಗೆ 40 ಸೆಕೆಂಡು. ಮೀರಿದರೆ ಹೊಡೆತಕ್ಕೆ ಹೊಡೆತ ದಂಡ. ಪ್ರತಿ ತಂಡದ ಹಿಂದೆಯೂ ಗಡಿಯಾರ ಹೊತ್ತ ಗಾಡಿ ಬರುತ್ತಿತ್ತು. ದಂಡ ಬಿದ್ದದ್ದು ಬೆರಳೆಣಿಕೆಯಷ್ಟು ಸಲ ಮಾತ್ರ. ಗಡಿಯಾರ ಕಣ್ಣೆದುರಿಗಿದ್ದರೆ ಬೇಗ ಆಡುವುದು ಅಲ್ಲಿನ ಆಟಗಾರರಿಗೆ ಕಷ್ಟವೇನೂ ಆಗಲಿಲ್ಲ.

ಉತ್ತರ: ಕಾಸರಗೋಡಿನ ಗಣಿತ ಅಧ್ಯಾಪಕ

ಹೊಸೂರಿನವರ ಲೆಕ್ಕವನ್ನು ಗೌರವದಿಂದಲೇ ಒಪ್ಪುತ್ತೇನೆ, ಆದರೆ ಅದು ಅರ್ಧ ಲೆಕ್ಕ. ನಾನು ಆಡಲು ಗಡಿ ದಾಟಿ ಮಂಗಳೂರಿನ ಪಿಲಿಕುಳಕ್ಕೆ ಹೋಗುತ್ತೇನೆ. ಎಲ್ಲ ದೋಷವನ್ನೂ ಆಟಗಾರನ ಕೈಗವಸಿನ ಮೇಲೆ ಹೊರಿಸುವುದು ನನಗೆ ಸರಿಕಾಣುವುದಿಲ್ಲ. ಎಲ್ಲರೂ ಒಂದೇ ವೇಗದಲ್ಲಿ, ಒಳ್ಳೆಯ ವೇಗದಲ್ಲಿಯೇ ಆಡಿದರೂ ಮೈದಾನ ಕಟ್ಟಿಕೊಳ್ಳಬಹುದು ಎಂಬುದನ್ನು ಸಣ್ಣ ಗಣಿತದಿಂದ ತೋರಿಸಬಹುದು.

ಮೊದಲ ಟೀಯಿಂದ (ಹೋಲ್‌ನ ಮೊದಲ ಹೊಡೆತ ಹೊಡೆಯುವ ಜಾಗದಿಂದ) ಎಂಟು ನಿಮಿಷಕ್ಕೊಂದು ತಂಡವನ್ನು ಬಿಡುತ್ತಾರೆಂದು ಭಾವಿಸಿ. ದಾರಿಯಲ್ಲಿ ಒಂದು ಉದ್ದದ ಪಾರ್ 3 ಹೋಲ್, ಅಂದರೆ ಮೂರು ಹೊಡೆತಗಳಲ್ಲಿ ಮುಗಿಸಬೇಕೆಂದು ಲೆಕ್ಕವಿರುವ ಹೋಲ್, ಇದೆ. ಪಾರ್ 3ರ ಸ್ವಭಾವವೇನೆಂದರೆ, ಮುಂದಿನ ತಂಡ ಗ್ರೀನ್ ಬಿಟ್ಟು ಹೊರಡುವ ತನಕ ಹಿಂದಿನವರು ಟೀಯಿಂದ ಹೊಡೆಯುವಂತಿಲ್ಲ. ಪಾರ್ 4 ಮತ್ತು ಪಾರ್ 5ರಲ್ಲಾದರೆ ಒಂದೇ ಹೋಲ್‌ನಲ್ಲಿ ಎರಡು ತಂಡಗಳು ಹಿಂದುಮುಂದಾಗಿ ಇರಬಹುದು. ನಾಲ್ವರು ಟೀಯಿಂದ ಹೊಡೆದು, ನಡೆದು, ಚೆಂಡನ್ನು ರಂಧ್ರದತ್ತ ಉರುಳಿಸುವ ಪಟ್ ಮುಗಿಸಿ ಗ್ರೀನ್ ಬಿಡಲು ಆ ಹೋಲ್‌ನಲ್ಲಿ ಹತ್ತು ನಿಮಿಷ ಬೇಕೆಂದು ಇಟ್ಟುಕೊಳ್ಳೋಣ. ಆಗ ಎರಡನೆಯ ತಂಡ ಆ ಟೀಯಲ್ಲಿ ಎರಡು ನಿಮಿಷ ಕಾಯುತ್ತದೆ, ಮೂರನೆಯದು ನಾಲ್ಕು ನಿಮಿಷ, ಹತ್ತನೆಯದು ಹದಿನೆಂಟು ನಿಮಿಷ, ಹದಿನಾರನೆಯದು ಅರ್ಧ ಗಂಟೆ. ಇಲ್ಲಿ ನಿಧಾನದವನು ಯಾರು? ಯಾರೂ ಇಲ್ಲ. ಹದಿನಾರನೆಯ ತಂಡದವರು ಮಾತ್ರ ಎದುರಿಗೆ ಕಾಣುವ ಹದಿನೈದನೆಯ ತಂಡವನ್ನು ಶಪಿಸುತ್ತ ನಿಂತಿರುತ್ತಾರೆ. ಟೀ ಅಂತರವನ್ನು ಹತ್ತು ನಿಮಿಷಕ್ಕೆ ಏರಿಸಿದ ಕೂಡಲೇ ಈ ಸಾಲು ಕರಗುತ್ತದೆ. ಅಂತರ ಏರಿಸಲು ಆಗದ ದಿನಗಳಲ್ಲಿ, ಗ್ರೀನ್ ತಲುಪಿದವರು ತಮ್ಮ ಚೆಂಡುಗಳನ್ನು ಗುರುತಿಟ್ಟು ಎತ್ತಿ ಪಕ್ಕಕ್ಕೆ ಸರಿದು, ಹಿಂದಿನವರಿಗೆ ಟೀಯಿಂದ ಹೊಡೆಯಲು ಕೈಬೀಸಿ, ಅವರು ನಡೆದು ಬರುವಷ್ಟರಲ್ಲಿ ತಮ್ಮ ಪಟ್ ಮುಗಿಸುವ ಹಳೆಯ ಪದ್ಧತಿಯೊಂದಿದೆ. ಅದು ಬಹಳ ಕಡೆ ಮರೆತುಹೋಗಿರುವುದು ಬೇಸರದ ಸಂಗತಿ.

ನಿಮ್ಮ ಮೂಲ ಪ್ರಶ್ನೆಯ ಬಗ್ಗೆ: ತನ್ನ ಬಗೆಗಿನ ಅಂದಾಜು ಮೇಲಕ್ಕೆ ವಾಲುವುದು ಗಾಲ್ಫ್‌ಗೆ ಸೀಮಿತವಾದದ್ದಲ್ಲ. ಸ್ವೀಡನ್ನಿನ ಓಲಾ ಸ್ವೆನ್ಸನ್ 1981ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ವಾಹನ ಚಾಲಕರನ್ನು ಕೇಳಿದಾಗ, ಹೆಚ್ಚಿನವರು ತಮ್ಮ ಗುಂಪಿನ ನಡುಮಟ್ಟದ ಚಾಲಕನಿಗಿಂತ ತಾವು ಸುರಕ್ಷಿತವಾಗಿ ಓಡಿಸುತ್ತೇವೆ ಎಂದಿದ್ದರು. ಎಲ್ಲರೂ ನಡುಮಟ್ಟಕ್ಕಿಂತ ಮೇಲಿರುವುದು ಗಣಿತದಲ್ಲಿ ಸಾಧ್ಯವಿಲ್ಲ. ಗಾಲ್ಫ್‌ನಲ್ಲಿ ಇದಕ್ಕೆ ಇನ್ನೊಂದು ಕಾರಣವೂ ಸೇರುತ್ತದೆ. ತಾನು ಆಡುವಾಗ ಮನಸ್ಸು ಕೆಲಸದಲ್ಲಿ ಮುಳುಗಿರುವುದರಿಂದ ಹೊತ್ತು ಹೋದದ್ದು ತಿಳಿಯುವುದಿಲ್ಲ. ಬೇರೆಯವನು ಆಡುವಾಗ ಸುಮ್ಮನೆ ನಿಂತಿರಬೇಕಾದ್ದರಿಂದ ಅದೇ ಮೂವತ್ತು ಸೆಕೆಂಡು ಯುಗವಾಗಿ ಕಾಣುತ್ತದೆ. ಹೀಗಾಗಿ ತನ್ನದು ಕಡಿಮೆಯೆಂದೂ ಪರರದು ಹೆಚ್ಚೆಂದೂ ಅನ್ನಿಸುವುದು ಸಹಜ.

ಉತ್ತರ: ವೆಲಿಂಗ್ಟನ್‌ನ ಹಳೆಯ ಕ್ಯಾಡಿ

ಇಬ್ಬರ ಮಾತನ್ನೂ ಓದಿದೆ. ನಾನು ನೀಲಗಿರಿಯ ವೆಲಿಂಗ್ಟನ್ ಮೈದಾನದಲ್ಲಿ ಬಹುಕಾಲ ಚೀಲ ಹೊತ್ತವನು. ಗಡಿಯಾರ ಹಿಡಿದು ಆಡಿಸುವವರನ್ನೂ ನೋಡಿದ್ದೇನೆ, ಟೀ ಅಂತರದ ಬಗ್ಗೆ ಸಮಿತಿಯವರು ಮಾತಾಡಿಕೊಳ್ಳುವುದನ್ನೂ ಕೇಳಿದ್ದೇನೆ. ನನ್ನ ಅನುಭವದಲ್ಲಿ ತಂಡವೊಂದು ತನ್ನ ವೇಗವನ್ನು ತಿಳಿಯಲು ಇವೆರಡಕ್ಕಿಂತ ಸುಲಭದ ದಾರಿಯೊಂದಿದೆ. ಪ್ರತಿ ಗ್ರೀನ್ ಬಿಟ್ಟು ಮುಂದಿನ ಟೀ ತಲುಪಿದಾಗ ತಲೆಯೆತ್ತಿ ಮುಂದೆ ನೋಡಿ. ನಿಮ್ಮ ಮುಂದಿನ ತಂಡ ಎಲ್ಲಿದೆ?

ತಾಳವಾಡಿ, ಚಾಮರಾಜನಗರದ ಕಡೆಗೆ ಹೋಗಿಬರುವವರಿಗೆಲ್ಲ ದಿಂಬಂ ಘಾಟಿಯ 27 ಹೇರ್‌ಪಿನ್ ತಿರುವುಗಳು ಗೊತ್ತು. ಭಾರ ಹೊತ್ತ ಲಾರಿಯೊಂದು ಅಲ್ಲಿ ತೆವಳುವಾಗ ಹಿಂದೆ ವಾಹನಗಳ ಸಾಲು ಬೆಳೆಯುತ್ತದೆ. ಲಾರಿಯ ಚಾಲಕನಿಗೆ ಕಾಣುವುದು ಮಾತ್ರ ಖಾಲಿ ರಸ್ತೆ. ಮೈದಾನದಲ್ಲಿಯೂ ಹಾಗೆಯೇ. ಮುಂದೆ ಒಂದು ಹೋಲ್ ಪೂರ್ತಿ ಖಾಲಿ ಬಿದ್ದಿದ್ದು, ಹಿಂದಿನ ಟೀಯಲ್ಲಿ ಜನ ನಿಂತಿದ್ದರೆ, ತಡ ಆಗುತ್ತಿರುವುದು ನಿಮ್ಮ ತಂಡದಿಂದಲೇ. ಮುಂದಿನವರು ನಿಮ್ಮ ಕಣ್ಣೆದುರಿಗೆ ಫೇರ್‌ವೇಯಲ್ಲಿಯೇ ಇದ್ದರೆ, ಸುತ್ತು ಐದು ಗಂಟೆ ಹಿಡಿದರೂ ದೂರು ನಿಮ್ಮ ಮೇಲೆ ಬರಬೇಕಾಗಿಲ್ಲ. ಆಗ ಅಧ್ಯಾಪಕರು ಹೇಳಿದ ಲೆಕ್ಕವನ್ನು ನೋಡಬೇಕು. ಬಹುಪಾಲು ಆಟಗಾರರು ನೋಡುವುದು ಹಿಂದಕ್ಕೆ. ಹಿಂದಿನವರು ಇನ್ನೂ ದೂರದಲ್ಲಿದ್ದಾರೆ, ನಮ್ಮಿಂದ ಯಾರಿಗೂ ತೊಂದರೆಯಿಲ್ಲ ಎಂದು ಸಮಾಧಾನ ಮಾಡಿಕೊಳ್ಳುತ್ತಾರೆ. ನಿಮ್ಮ ಜಾಗ ಮುಂದಿನ ತಂಡದ ಬೆನ್ನ ಹಿಂದೆ; ಹಿಂದಿನ ತಂಡ ಎಷ್ಟು ದೂರದಲ್ಲಿದೆ ಎಂಬುದು ಆಮೇಲಿನ ವಿಚಾರ.

ಎತ್ತರ, ಮಂಜು, ಮುಳ್ಳುಪೊದೆಗಳ ಬಗ್ಗೆ ಕೇಳಿದಿರಿ. ಈ ಅಳತೆಗೆ ಅವು ಯಾವುದೂ ಅಡ್ಡ ಬರುವುದಿಲ್ಲ, ಏಕೆಂದರೆ ಮುಂದಿನ ತಂಡವೂ ಅದೇ ಏರನ್ನು ಹತ್ತಿದೆ, ಅದೇ ಮಂಜಿನಲ್ಲಿ ನಡೆದಿದೆ. ಒಟ್ಟು ಗಂಟೆಗಳ ಲೆಕ್ಕ ಮೈದಾನದಿಂದ ಮೈದಾನಕ್ಕೆ ಬದಲಾಗಬಹುದು ಮತ್ತು ಬದಲಾಗಬೇಕು. ಅದನ್ನು ಆಯಾ ಮೈದಾನದ ಸಮಿತಿ ನಿಗದಿ ಮಾಡಬೇಕೆಂದು ನಿಯಮಾವಳಿಯೇ ಹೇಳುತ್ತದೆ.

ನಮ್ಮ ನೀಲಗಿರಿಯಲ್ಲಿ ಹೆಚ್ಚು ಹೊತ್ತು ನುಂಗುವುದು ಚೆಂಡಿನ ಹುಡುಕಾಟ. ಹಿಂದೆ ಐದು ನಿಮಿಷ ಹುಡುಕಬಹುದಿತ್ತು, 2019ರಿಂದ ಅದು ಮೂರು ನಿಮಿಷ. ಆಟಗಾರನೋ ಅವನ ಕ್ಯಾಡಿಯೋ ಹುಡುಕಲು ತೊಡಗಿದ ಕ್ಷಣದಿಂದ ಲೆಕ್ಕ. ಗೋರ್ಸ್ ಪೊದೆಯೊಳಗೆ ಕ್ಲಬ್ಬಿನ ತುದಿಯಿಂದ ಮುಳ್ಳುಕೊಂಬೆಗಳನ್ನು ಎತ್ತಿ ಎತ್ತಿ ನೋಡುವಾಗ ಮೂರು ನಿಮಿಷ ಎಷ್ಟು ಬೇಗ ಕಳೆಯುತ್ತದೆಂದರೆ, ಕಾಲ ಮುಗಿಯಿತೆಂದು ಕ್ಯಾಡಿ ಹೇಳಿದರೆ ಆಟಗಾರ ನಂಬುವುದೇ ಇಲ್ಲ. ಆಮೇಲೆ ಅವನು ಮೊದಲು ಹೊಡೆದ ಜಾಗಕ್ಕೆ ಹಿಂದಿರುಗಿ ನಡೆಯಬೇಕು, ಆಗ ಮೈದಾನವೆಲ್ಲ ನಿಲ್ಲುತ್ತದೆ. ಚೆಂಡು ಪೊದೆಯ ಕಡೆಗೆ ಹಾರಿದ್ದು ಕಂಡ ಕೂಡಲೇ, ಮುಂದಕ್ಕೆ ಹೆಜ್ಜೆಯಿಡುವ ಮೊದಲೇ, ಪ್ರೊವಿಜನಲ್ (ತಾತ್ಕಾಲಿಕ ಚೆಂಡು) ಎಂದು ಎಲ್ಲರಿಗೂ ಕೇಳುವಂತೆ ಹೇಳಿ ಎರಡನೆಯ ಚೆಂಡನ್ನು ಹೊಡೆದುಬಿಡಿ. ಅದಕ್ಕೆ ಹಿಡಿಯುವುದು ಅರ್ಧ ನಿಮಿಷ. ಮೊದಲನೆಯದು ಸಿಕ್ಕೀತೆಂಬ ಆಸೆಯಿಂದ ಇದನ್ನು ಮಾಡದವರೇ ಹೆಚ್ಚು. ನಾಲ್ವರೂ ಒಂದೇ ಪೊದೆಯ ಸುತ್ತ ನೆರೆಯುವುದೂ ಬೇಡ. ತಮ್ಮ ಚೆಂಡು ಬಯಲಲ್ಲಿ ಬಿದ್ದಿರುವವರು ಮೊದಲು ಅದನ್ನು ಆಡಿ, ಆಮೇಲೆ ಹುಡುಕಲು ಬರಲಿ.

ಗ್ರೀನ್ ಬಗ್ಗೆ ಒಂದೇ ಮಾತು. ಚೀಲವನ್ನು ಗ್ರೀನಿನ ಮುಂದೆ ಇಳಿಸದೆ ಮುಂದಿನ ಟೀಗೆ ಹೋಗುವ ಬದಿಯಲ್ಲಿ ಇಳಿಸಿ, ಅಂಕಗಳನ್ನು ಅಲ್ಲಿ ನಿಂತು ಬರೆಯದೆ ಮುಂದಿನ ಟೀಯಲ್ಲಿ ಬರೆಯಿರಿ.

ಪ್ರತಿಕ್ರಿಯೆ: ಫರ್ನ್‌ಹಿಲ್ ನಿವಾಸಿ, ಉದಕಮಂಡಲ

ಮೂವರಿಗೂ ಮನಃಪೂರ್ವಕ ವಂದನೆಗಳು. ಕಾಯುವವನ ಮೂವತ್ತು ಸೆಕೆಂಡಿಗೂ ಆಡುವವನ ಮೂವತ್ತು ಸೆಕೆಂಡಿಗೂ ಇರುವ ವ್ಯತ್ಯಾಸವನ್ನು ಓದಿದ ಮೇಲೆ ನಮ್ಮ ನಾಲ್ವರ ಮಾತುಗಳೂ ಒಟ್ಟಿಗೆ ಹೇಗೆ ನಿಜವಾಗಬಲ್ಲವು ಎಂಬುದು ಅರ್ಥವಾಯಿತು. ಮುಂದಿನ ತಂಡವನ್ನು ನೋಡುವ ಅಳತೆ ಯಾರೊಬ್ಬರನ್ನೂ ಬೊಟ್ಟು ಮಾಡದೆ ಇಡೀ ತಂಡಕ್ಕೆ ಅನ್ವಯಿಸುವುದರಿಂದ ನಮ್ಮ ಗೆಳೆತನಕ್ಕೆ ಒಪ್ಪುವಂಥದ್ದು.

ಉಳಿದಿರುವ ಸಂದೇಹ ಒಂದೇ. ನಮ್ಮಲ್ಲಿ ಹಿರಿಯರೊಬ್ಬರಿದ್ದಾರೆ. ರಂಧ್ರದಿಂದ ಹೆಚ್ಚು ದೂರವಿರುವವನೇ ಮೊದಲು ಆಡಬೇಕು, ಹಿಂದಿನ ಹೋಲ್ ಗೆದ್ದವನೇ ಟೀಯಿಂದ ಮೊದಲು ಹೊಡೆಯಬೇಕು ಎಂಬ ಸರದಿಯನ್ನು ಅವರು ಆಟದ ಮರ್ಯಾದೆಯೆಂದೇ ಪಾಲಿಸುತ್ತಾರೆ. ಸಿದ್ಧವಾಗಿರುವವನು ಮೊದಲು ಆಡಲಿ ಎಂದರೆ ಅವರಿಗೆ ನೋವಾಗುತ್ತದೆ. ಅವರ ಬಗ್ಗೆ ನಮಗೆ ಬಹಳ ಗೌರವವಿದೆ. ನಿಯಮ ಈ ಬಗ್ಗೆ ಏನು ಹೇಳುತ್ತದೆ?

ಉತ್ತರ: ಹೊಸೂರಿನ ಹವ್ಯಾಸಿ

ಅವರು ಹೇಳುವುದು ಗೆದ್ದ ಹೋಲ್‌ಗಳನ್ನು ಎಣಿಸುವ ಮ್ಯಾಚ್ ಪ್ಲೇಗೆ ಪೂರ್ತಿ ಸರಿ, ಅದನ್ನು ಮೊದಲು ಅವರ ಮುಂದೆ ಒಪ್ಪಿಕೊಳ್ಳಿ. ಅಲ್ಲಿ ಸರದಿ ಆಟದ ತಂತ್ರದ ಭಾಗವೇ ಆಗಿದ್ದು, ಎದುರಾಳಿ ಸರದಿ ತಪ್ಪಿ ಆಡಿದರೆ ಆ ಹೊಡೆತವನ್ನು ರದ್ದುಮಾಡಿಸುವ ಹಕ್ಕು ಇನ್ನೊಬ್ಬನಿಗಿದೆ. ಸಮಯ ಉಳಿಸಲು ಇಬ್ಬರೂ ಒಪ್ಪಿ ಸರದಿ ಬದಲಿಸಿಕೊಳ್ಳಬಹುದು. ಒಟ್ಟು ಹೊಡೆತಗಳನ್ನು ಎಣಿಸುವ ಸ್ಟ್ರೋಕ್ ಪ್ಲೇಯಲ್ಲಿ ಹಾಗಿಲ್ಲ. ಸುರಕ್ಷಿತವಾಗಿ, ಹೊಣೆಯರಿತು ಸರದಿ ತಪ್ಪಿ ಆಡುವುದಕ್ಕೆ 2019ರ ನಿಯಮಗಳು ಅನುಮತಿ ಕೊಡುವುದಷ್ಟೇ ಅಲ್ಲ, ಪ್ರೋತ್ಸಾಹವನ್ನೂ ಕೊಡುತ್ತವೆ. ಒಬ್ಬನಿಗೆ ಲಾಭವಾಗಲೆಂದು ಒಳಒಪ್ಪಂದ ಮಾಡಿಕೊಂಡು ಸರದಿ ಬದಲಿಸಿದರೆ ಮಾತ್ರ ದಂಡ. ನಿಯಮ ಬರೆದವರೇ ಹೀಗೆ ಹೇಳಿದ್ದಾರೆಂದು ತಿಳಿದರೆ, ಮರ್ಯಾದೆಯನ್ನು ಇಷ್ಟು ಗಂಭೀರವಾಗಿ ಕಾಣುವ ಹಿರಿಯರು ಅದಕ್ಕೂ ಬೆಲೆ ಕೊಡುತ್ತಾರೆಂಬ ನಂಬಿಕೆ ನನಗಿದೆ. ಟೀಯ ಮೇಲಿನ ಅವರ ಸರದಿಯನ್ನು ಹಾಗೆಯೇ ಉಳಿಸಿ, ಫೇರ್‌ವೇಯಲ್ಲಿ ಮತ್ತು ಗ್ರೀನಿನಲ್ಲಿ ಮಾತ್ರ ಸಿದ್ಧವಿರುವವರು ಆಡುವಂತೆ ಮಾಡಿಕೊಂಡರೂ ಸಾಕಷ್ಟು ಸಮಯ ಉಳಿಯುತ್ತದೆ. ಪಟ್ ಮಾಡುವಾಗ ಧ್ವಜದ ಕೋಲನ್ನು ರಂಧ್ರದಲ್ಲಿಯೇ ಬಿಡಲೂ ಈಗ ಅವಕಾಶವಿದೆ.

ನಿಮ್ಮದು ಸ್ನೇಹಕ್ಕಾಗಿ ಆಡುವ ಆಟವಾದ್ದರಿಂದ ಪ್ರತಿ ಹೋಲ್‌ಗೂ ಅಂಕ ಕೊಡುವ ಸ್ಟೇಬಲ್‌ಫೋರ್ಡ್ ಪದ್ಧತಿಯಲ್ಲಿ ಎಣಿಸಿ ನೋಡಿ ಎಂದೂ ಸೂಚಿಸುತ್ತೇನೆ. ಅದರಲ್ಲಿ ಒಂದು ಹೋಲ್‌ನಲ್ಲಿ ಇನ್ನು ಅಂಕ ಬರುವುದಿಲ್ಲವೆಂದು ಖಚಿತವಾದವನು ಚೆಂಡನ್ನು ಎತ್ತಿ ಜೇಬಿಗೆ ಹಾಕಿಕೊಂಡು ಮುಂದೆ ನಡೆಯಬಹುದು. ಎಂಟೋ ಒಂಬತ್ತೋ ಹೊಡೆತಗಳಾದ ಮೇಲೂ ಉಳಿದ ಮೂವರನ್ನು ನಿಲ್ಲಿಸಿಕೊಂಡು ಕೊನೆಯ ಪಟ್ ತನಕ ಆಡಬೇಕಾಗಿಲ್ಲ. ಮುಳ್ಳುಪೊದೆಯ ಮೈದಾನಕ್ಕೆ ಇದು ಇನ್ನಷ್ಟು ಹೊಂದುತ್ತದೆ. ಸ್ಟ್ರೋಕ್ ಪ್ಲೇಯೇ ಬೇಕೆಂದರೆ, ಕಳೆದ ಚೆಂಡಿಗಾಗಿ ಹಿಂದಿರುಗಿ ನಡೆಯುವ ಬದಲು ಎರಡು ಹೊಡೆತಗಳ ದಂಡ ತೆತ್ತು ಫೇರ್‌ವೇಯ ಬಳಿ ಚೆಂಡು ಇಳಿಸಲು ಅವಕಾಶ ಕೊಡುವ ಸ್ಥಳೀಯ ನಿಯಮವನ್ನು ಸಮಿತಿಗಳು ಅಳವಡಿಸಿಕೊಳ್ಳಬಹುದು. ನಿಮ್ಮಲ್ಲಿ ಅದು ಜಾರಿಯಲ್ಲಿದೆಯೇ ಎಂದು ಕಚೇರಿಯಲ್ಲಿ ಕೇಳಿ, ಇಲ್ಲವಾದರೆ ನಾಲ್ವರೂ ಸಹಿ ಹಾಕಿ ಒಂದು ಮನವಿ ಕೊಡಿ.